ಮೊದಲು ನೋಡಿದವಳು

ಹೋದ ತಿಂಗಳು ಕುಣಿಗಲ್ಲಿನ ಒಂದು ಕಲ್ಯಾಣ ಮಂಟಪದಲ್ಲಿ ನಮ್ಮ ಚಿಕ್ಕಮ್ಮನ ಮಗಳ ಆರತಕ್ಷತೆ ಇತ್ತು. ಹುಡುಗ ಹುಡುಗಿ ವೇದಿಕೆಗೆ ನಡೆದು ಬರುವ ಹೊತ್ತಿಗೆ ಎರಡೂ ಪಕ್ಕದಲ್ಲಿಟ್ಟಿದ್ದ ಯಂತ್ರಗಳಿಂದ ಬಿಳಿ ಹೊಗೆ ಬಿಟ್ಟರು. ಸುಟ್ಟ ಸಕ್ಕರೆಗೆ ಅಗ್ಗದ ಸೆಂಟು ಬೆರೆಸಿದಂಥ ವಾಸನೆ. ಸುತ್ತಲಿದ್ದವರು ಮೊಬೈಲ್ ಎತ್ತಿ ವಿಡಿಯೊ ಮಾಡುತ್ತಿದ್ದರೆ ನಾನು ಆ ಹೊಗೆಯ ಹಿಂದೆ ಏನಿದೆ ಎಂದು ಕತ್ತು ಉದ್ದ ಮಾಡಿ ನೋಡುತ್ತಿದ್ದೆ. ಪಕ್ಕದಲ್ಲಿದ್ದ ಅಮ್ಮ, “ಏನೇ ಹುಡುಕ್ತಿದೀಯ?” ಎಂದಳು. ಏನಿಲ್ಲ ಅಂದೆ. ಊಟದ ಸಾಲಿನಲ್ಲಿ ಕೂತ ಮೇಲೂ ಆ ವಾಸನೆ ಮೂಗು ಬಿಟ್ಟು ಹೋಗಲಿಲ್ಲ. ಮೂರು ವರ್ಷದ ಹಿಂದೆ, ಗುಬ್ಬಿ ತಾಲ್ಲೂಕಿನ ಕಡಬದ ಕಡೆಯ ಒಂದು ಹಳ್ಳಿಯ ಕೆರೆ ಏರಿಯ ಮೇಲೆ, ಒಂದಿಡೀ ಹಿಂಗಾರು ನಾನು ಕುಡಿದ ಹೊಗೆ ಅದು.

ಹಳ್ಳಿಯ ಹೆಸರು ಹೇಳುವುದಿಲ್ಲ. ಅಲ್ಲಿಯವರು ಈಗಲೂ ಅಲ್ಲೇ ಇದ್ದಾರೆ, ಅವರಿಗೆ ಮುಜುಗರವಾಗುವುದು ನನಗೆ ಬೇಡ.

ಆ ವರ್ಷ ನನಗೆ ಕೆಲಸ ಇರಲಿಲ್ಲ. ತುಮಕೂರಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಕನ್ನಡ ಹೇಳಿಕೊಡುತ್ತಿದ್ದೆ, ಆ ಸಾಲಿಗೆ ನನ್ನನ್ನು ಮತ್ತೆ ಕರೆದಿರಲಿಲ್ಲ. ಅಂಥ ಹೊತ್ತಿನಲ್ಲಿ ಚೇತನ್ ಫೋನ್ ಮಾಡಿದ. ಗುಬ್ಬಿಯವನು, ಡಿಗ್ರಿಯಲ್ಲಿ ನನ್ನ ಜೊತೆ ಓದಿದವನು, ಬಹಳ ವರ್ಷ ಸಹಾಯಕ ನಿರ್ದೇಶಕನಾಗಿ ದುಡಿದು ಈಗ ಮೊದಲ ಸಲ ಸ್ವಂತ ಸಿನಿಮಾ ಮಾಡಲು ಹೊರಟಿದ್ದ. ಹಾರರ್ ಸಿನಿಮಾ. ಚಿತ್ರಕತೆ ಮತ್ತು ಸಂಭಾಷಣೆಗೆ ನಾನು ಬೇಕಿತ್ತು. ಗುಬ್ಬಿಯ ಹೋಟೆಲೊಂದರಲ್ಲಿ ತಟ್ಟೆ ಇಡ್ಲಿ ಮುಂದಿಟ್ಟುಕೊಂಡು ನನಗೆ ಪಾಠ ಮಾಡಿದ.

“ನೋಡು ಗೀತಾ, ಈ ತರದ ಸಿನಿಮಾಗಳೆಲ್ಲ ಮಾಡೋದು ಒಂದೇ ಕೆಲಸ. ಒಂದು ರಾಕ್ಷಸ ಇದೆ ಅಂತ ಕಂಡುಹಿಡಿಯೋದು. ಹೊಡೆಯೋದು ಬಡಿಯೋದೆಲ್ಲ ಕೊನೇಲಿ ಬರುತ್ತೆ, ಅದನ್ನ ಯಾರು ಬೇಕಾದ್ರೂ ತೆಗೀತಾರೆ. ಮೊದಲು ಗುರುತು ಕಾಣಿಸ್ಬೇಕು. ಒಂದು ಹೆಜ್ಜೆ, ಒಂದು ನಾಯಿ ಕಾಣೆ. ಆಮೇಲೆ ಒಬ್ಬರು, ಒಬ್ಬರೇ ಒಬ್ಬರು ಅದನ್ನ ನೋಡ್ಬೇಕು. ಅವರು ಹೇಳಿದ್ದನ್ನ ಊರು ನಂಬಬಾರದು. ನಂಬಿಸೋಕೆ ಅವರು ಒದ್ದಾಡ್ಬೇಕು. ಕೊನೆಗೆ ಪುರಾವೆ ಸಿಕ್ಕಿ, ಎಲ್ಲರೂ ಎದ್ದು ಅದರ ಎದುರಿಗೆ ಹೋಗ್ಬೇಕು.”

“ನಂಬದೇ ಇರೋರು ಪೆದ್ದರ ತರ ಕಾಣಲ್ವಾ?”

“ಕಾಣ್ಲಿ ಕಣೇ. ಥಿಯೇಟರಲ್ಲಿ ಕೂತೋನಿಗೆ ಗೊತ್ತು, ಪರದೆ ಮೇಲಿರೋರಿಗೆ ಗೊತ್ತಿಲ್ಲ. ಆ ಸಂಕಟಕ್ಕೇ ಅವನು ಟಿಕೆಟ್ ತಗೊಳೋದು. ಅದಕ್ಕೆ ಮುಕ್ಕಾಲು ಸಿನಿಮಾ ಆಗೋ ತನಕ ರಾಕ್ಷಸನ್ನ ತೋರಿಸಬಾರದು. ತೋರಿಸಿದ್ರೆ ಸತ್ತೆ.”

ಆಗ ನನಗೆ ಆ ಮಾತು ಸರಿಯಾಗಿಯೇ ಕಂಡಿತು. ಅದರಂತೆಯೇ ಬರೆದೆ. ಕೆರೆಯಿಂದ ಎದ್ದು ಬರುವ, ಅರ್ಧ ಮನುಷ್ಯ ಅರ್ಧ ಮೃಗದ ಒಂದು ಭೂತ. ಊರವರು ಮೊದಲು ಅದನ್ನು ಚಿರತೆ ಎಂದುಕೊಳ್ಳುತ್ತಾರೆ. ಹಾಲಿನ ಡೇರಿಗೆ ಹೋಗುವ ಹೆಂಗಸೊಬ್ಬಳು ನೋಡುತ್ತಾಳೆ, ಅವಳನ್ನು ಯಾರೂ ನಂಬುವುದಿಲ್ಲ.

ಆ ವರ್ಷ ಕೆರೆಗಳು ತುಂಬಿದ್ದವು. ನಾವು ಹೋದಾಗ ಆ ಹಳ್ಳಿಯ ಕೆರೆ ಕೋಡಿ ಬಿದ್ದು ನೀರು ಕಲ್ಲುಗಳ ಮೇಲೆ ಹರಿಯುತ್ತಿತ್ತು. ರಾಗಿ ತೆನೆಗಟ್ಟಿತ್ತು. ದಿನ ಬಿಟ್ಟು ದಿನ ಸೋನೆ, ಬೆಳಿಗ್ಗೆ ಎದ್ದರೆ ಏರಿಯ ಆ ತುದಿ ಕಾಣದಷ್ಟು ಮಂಜು. ನಮಗೆ ಸಾಕಾಗುವಷ್ಟು ಮಂಜು ಇದ್ದರೂ ಚೇತನ್‌ಗೆ ಸಾಲದು, ಮೇಲಿಂದ ಯಂತ್ರದ ಹೊಗೆ. ರಾತ್ರಿಯ ದೃಶ್ಯಗಳನ್ನೂ ಹಗಲಲ್ಲೇ ತೆಗೆದು ಬಣ್ಣ ಬದಲಿಸುವುದೆಂದು ಅವನ ಲೆಕ್ಕ. ಗಂಗಣ್ಣ ಎಂಬ ಹಿರಿಯರ ತೆಂಗಿನ ತೋಟದಲ್ಲಿ ಕಾಯಿ ಒಣಗಿಸಿಡುವ ಒಂದು ಹಳೆಯ ಕೊಬ್ಬರಿ ಮನೆ ಇತ್ತು. ಅದನ್ನು ಬಾಡಿಗೆಗೆ ಹಿಡಿದಿದ್ದೆವು. ಒಳಗಿನ ಕೋಣೆಗೆ ಬೀಗ. ಭೂತದ ವೇಷ ಅದರಲ್ಲಿತ್ತು. ತುಮಕೂರಿನ ನಯಾಜ್ ಅದನ್ನು ಫೋಮು, ಫೈಬರು, ಬಣ್ಣ ಹಾಕಿದ ತೆಂಗಿನ ನಾರು ಸೇರಿಸಿ ಮಾಡಿದ್ದ. ಮೆರವಣಿಗೆಗಳಿಗೆ ಬೊಂಬೆ ಮಾಡಿ ಕೈ ಪಳಗಿದವನು. ಬೀಗದ ಕೈ ಇದ್ದದ್ದು ಅವನ ಹತ್ತಿರ ಮತ್ತು ಚೇತನ್ ಹತ್ತಿರ. ಬರೆದವಳಾದ ನನಗೂ ಅದನ್ನು ತೋರಿಸಿರಲಿಲ್ಲ.

ಗಂಗಣ್ಣನವರ ಸೊಸೆ ಶಶಿಕಲಾ. ಗುಬ್ಬಿಯಲ್ಲಿ ಬಿ.ಕಾಂ. ಓದಿದವಳು, ಊರಿನ ಹಾಲಿನ ಡೇರಿಯಲ್ಲಿ ಬೆಳಗಿನ ಹಾಲು ಅಳೆಯುವ, ಪರೀಕ್ಷೆ ಮಾಡುವ ಕೆಲಸ. ಗಂಡ ತುಮಕೂರಿನ ಕಡೆ ಕಾರ್ಖಾನೆಯೊಂದರ ಬಸ್ಸು ಓಡಿಸುತ್ತಿದ್ದ, ವಾರಕ್ಕೊಮ್ಮೆ ಬರುತ್ತಿದ್ದ. ಇಬ್ಬರು ಮಕ್ಕಳು ಉಳಿದ ಮಕ್ಕಳ ಜೊತೆ ಏರಿಯ ಮೇಲೆ ನಡೆದು ಟಾರ್ ರಸ್ತೆಗೆ ಹೋಗಿ ಶಾಲೆಯ ಬಸ್ಸು ಹತ್ತುತ್ತಿದ್ದರು. ಡೇರಿಗೆ ಹೋಗುವ ಹೆಂಗಸಿನ ಪಾತ್ರಕ್ಕೆ ಬರಬೇಕಿದ್ದ ನಟಿ ಕೈಕೊಟ್ಟಾಗ ಚೇತನ್ ಶಶಿಕಲಾಳನ್ನೇ ನಿಲ್ಲಿಸಿದ. ಹೊಗೆಯ ಮಧ್ಯೆ ಏರಿಯ ಮೇಲೆ ನಿಂತು, ಇಲ್ಲದ ಒಂದನ್ನು ಅವಳು ನೋಡಿದ ರೀತಿ ಕಂಡು ನಾನೂ ಅತ್ತ ತಿರುಗಿ ನೋಡಿದೆ.

ಆಮೇಲೆ ನಾಯಿಗಳು ಕಾಣೆಯಾಗತೊಡಗಿದವು. ಮೊದಲು ಅಂಗಡಿಯ ಮುಂದೆ ಮಲಗುತ್ತಿದ್ದ ಕೆಂದ ನಾಯಿ. ಅದರ ಹಿಂದೆಯೇ ಇನ್ನೊಂದು. ಒಂದು ಬೆಳಿಗ್ಗೆ ಏರಿಯ ಕೆಸರಿನಲ್ಲಿ ಹೆಜ್ಜೆ ಗುರುತು. ನಾನು ಓಡಿ ಹೋಗಿ ನೋಡಿ ಬಂದು ಚೇತನ್‌ಗೆ ಕೇಳಿದೆ, “ನಯಾಜ್ ಹತ್ರ ಇವತ್ತು ಹೆಜ್ಜೆ ಒತ್ತಿಸಿದ್ಯಾ?” ಚಿರತೆಯ ಹೆಜ್ಜೆ ಒತ್ತಲು ನಯಾಜ್ ಒಂದು ರಬ್ಬರ್ ಅಚ್ಚು ಮಾಡಿದ್ದ, ಅದರ ದೃಶ್ಯ ಆಗಲೇ ಮುಗಿದಿತ್ತು.

“ಇಲ್ವಲ್ಲ,” ಅಂದ ಚೇತನ್. ಆದರೆ ಹಾಗನ್ನುವಾಗ ಅವನ ಮುಖದಲ್ಲಿ ನಗು ಇತ್ತು. ಅಚ್ಚನ್ನು ಅವನೇ ತೆಗೆದುಕೊಂಡು ಹೋಗಿರಬೇಕೆಂದು ನಾನು ಎಣಿಸಿದೆ. ನಯಾಜ್‌ಗೆ ನನ್ನ ಮೇಲೇ ಅನುಮಾನ. ಊರಿಗಂತೂ ನಮ್ಮೆಲ್ಲರ ಮೇಲೂ.

ಶಶಿಕಲಾ ನಿಜವಾಗಿ ನೋಡಿದ್ದು ಅದಾದ ವಾರದಲ್ಲಿ. ಡೇರಿಗೆಂದು ಹೊರಟವಳು ಅರ್ಧ ದಾರಿಯಿಂದ ವಾಪಸ್ ಬಂದು ಕೊಬ್ಬರಿ ಮನೆಯ ಜಗುಲಿಯ ಮೇಲೆ ಕೂತಳು. ನಾವು ಟೀ ಕುಡಿಯುತ್ತಿದ್ದೆವು.

“ಅಕ್ಕ, ಕೋಡಿ ಹತ್ರ ಕೂತಿತ್ತು. ನಾಯಿ ಅನ್ಕಂಡೆ. ಎದ್ದಾಗ ಬಾಲ ನೋಡ್ದೆ. ನನ್ ಕಡೆ ಒಂದ್ಸಲ ತಿರುಗ್ತು, ಆಮೇಲೆ ಏನೂ ಅವಸ್ರ ಇಲ್ದೋರಂಗೆ ಜಾಲಿ ಪೊದೆ ಒಳಕ್ಕೆ ಹೋಯ್ತು. ಚಿರ್ತೆ ಕಣಕ್ಕ.”

ಅವಳ ಕೈಯಲ್ಲಿದ್ದ ಫೋನಿನಲ್ಲಿ ವಿಡಿಯೊ ಇತ್ತು. ಅಲುಗಾಡುವ ಮಂಜು, ಅವಳ ಉಸಿರು, ಕೊನೆಯಲ್ಲಿ ಪೊದೆಯೊಳಗೆ ಸರಿದುಹೋಗುವ ಏನೋ ಒಂದು ಹಳದಿ. ನಯಾಜ್ ಎರಡು ಸಲ ನೋಡಿ ಫೋನ್ ವಾಪಸ್ ಕೊಟ್ಟ. ಸುಳ್ಳು ಯಾಕೆ, ನನಗೂ ಪೂರ್ತಿ ನಂಬಿಕೆ ಬರಲಿಲ್ಲ. ನಾನು ಬರೆದ ದೃಶ್ಯ, ಅದೇ ಜಾಗ, ಅದೇ ಹೊತ್ತು, ಅದೇ ಹೆಂಗಸು. ನನ್ನ ಕಾಗದದಿಂದ ಎದ್ದು ಬಂದು ನನಗೇ ಹೇಳುತ್ತಿದ್ದಾಳೆ ಅನ್ನಿಸಿತು.

ಮನೆಯಲ್ಲಿ ಗಂಗಣ್ಣ ಬಾಯಿ ಮುಚ್ಚಿಸಿದರು. “ಸಿನ್ಮಾ ತಲೆಗೆ ಹತ್ಬುಟ್ಟದೆ ನಿಂಗೆ. ಒಂದಿನ ವೇಸ ಹಾಕ್ದೆ, ಅಲ್ಲಿಗೆ ಮುಗೀತು. ಊರ್ನೋರ ಮುಂದೆ ಹೋಗಿ ಏಳ್ಬ್ಯಾಡ.” ಅಂಗಡಿಯ ಮುಂದೆ ಅವಳ ವಿಡಿಯೊ ಕೈಯಿಂದ ಕೈಗೆ ಹೋಯಿತು. “ಇದು ಎಐ ಕಣೋ,” ಅಂದನೊಬ್ಬ. “ಮೊನ್ನೆ ಬಸ್ ಸ್ಟ್ಯಾಂಡ್ ಒಳಗೆ ಚಿರ್ತೆ ಬಂದಿದ್ದ ಫೋಟೋನೂ ಹಿಂಗೇ ಇತ್ತಲ್ಲ, ಸುಳ್ಳು ಅಂತ ಆಮೇಲೆ ಗೊತ್ತಾಯ್ತು.” ಇನ್ನೊಬ್ಬ ಕೊಬ್ಬರಿ ಮನೆಯ ಕಡೆ ಕಣ್ಣು ಮಾಡಿ, “ಎಐನೋ, ಆ ಬೀಗ ಹಾಕಿರೋ ರೂಮ್ನಾಗೆ ನಿಜವಾದ್ದನ್ನೇ ತಂದು ಸಾಕವ್ರೋ, ಯಾರಿಗ್ಗೊತ್ತು,” ಎಂದ. ಅವತ್ತಿನಿಂದ ನಾವು ದಾರಿಯಲ್ಲಿ ಹೋದರೆ ಮಾತು ನಿಲ್ಲುತ್ತಿತ್ತು.

ಶಶಿಕಲಾ ಮಾತ್ರ ತನ್ನ ಮಕ್ಕಳನ್ನು ಏರಿಯ ಮೇಲೆ ಕಳಿಸಲಿಲ್ಲ. ಡೇರಿಯಿಂದ ಬೇಗ ಬಂದು, ರಾಗಿ ಹೊಲಗಳ ನಡುವಿನ ಗಾಡಿ ದಾರಿಯಲ್ಲಿ ಸುತ್ತು ಹಾಕಿ ತಾನೇ ಕರೆದುಕೊಂಡು ಹೋಗುತ್ತಿದ್ದಳು. ಆ ಕೆಸರಿನಲ್ಲಿ ನಡೆದು ಮಕ್ಕಳು ಬಸ್ಸಿಗೆ ತಡವಾಗಿ, ಒಂದೆರಡು ದಿನ ಶಾಲೆಯೇ ತಪ್ಪಿತು. ಉಳಿದ ಮನೆಗಳ ಹೆಂಗಸರಿಗೆ ಹೇಳಿದಳು. ಅವರು ನಕ್ಕರು, ಕೆಲವರು ಮುಖ ತಿರುಗಿಸಿದರು. “ಪಾರ್ಟ್ ದೊಡ್ದು ಮಾಡಿ ಅಂತ ಕೇಳ್ತಾವ್ಳಂತೆ,” ಎಂಬ ಮಾತೂ ಹುಟ್ಟಿತು. ಅದನ್ನು ನನಗೆ ಹೇಳಿ ಶಶಿಕಲಾ ಕೇಳಿದಳು: “ನಿಮ್ ಸಿನಿಮಾದಲ್ಲಿ ಆ ಹೆಂಗಸನ್ನ ಯಾರೂ ನಂಬಲ್ಲ ಅಂತ ಬರೆದಿದೀರಲ್ಲ ಅಕ್ಕ, ಕೊನೇಲಿ ಏನಾಗ್ತಾಳೆ ಅವ್ಳು?”

ಅದನ್ನು ನಾನು ಬರೆದೇ ಇರಲಿಲ್ಲ. ಭೂತ ಕಾಣಿಸಿಕೊಂಡ ಮೇಲೆ ಎಲ್ಲರೂ ಕೆರೆಯ ಕಡೆ ಓಡುತ್ತಾರೆ, ಕ್ಯಾಮೆರಾವೂ ಅವರ ಹಿಂದೆ ಹೋಗುತ್ತದೆ, ಅವಳು ಆಮೇಲೆ ಕತೆಯಲ್ಲಿ ಬರುವುದೇ ಇಲ್ಲ. ಆ ದಿನ ಮಳೆ ಬಂದು ಶೂಟಿಂಗ್ ನಿಂತಿತ್ತು. ಕೂತು ಯೋಚಿಸಿದೆ. ಸಿನಿಮಾ ನೋಡಲು ಬಂದವನು ಆ ಹೆಂಗಸಿನ ಪರವಾಗಿರುವುದು ಅವನು ಜಾಣ ಎಂದಲ್ಲ. ಹೊರಗೆ ಪೋಸ್ಟರಿನಲ್ಲಿ ರಾಕ್ಷಸನ ಉಗುರು ನೋಡಿಯೇ ಒಳಗೆ ಬಂದಿರುತ್ತಾನೆ. ಪೋಸ್ಟರ್ ಇಲ್ಲದ ಕಡೆ ಅವನೂ ಅಂಗಡಿಯ ಮುಂದೆ ನಿಂತು, ಇದು ಎಐ ಅನ್ನುತ್ತಾನೆ.

ಅರಣ್ಯ ಇಲಾಖೆಯ ಗಾರ್ಡ್ ಒಬ್ಬರಿಗೆ ನನ್ನ ಫೋನಿನಿಂದ ಶಶಿಕಲಾಳ ಕೈಯಲ್ಲಿ ಫೋನ್ ಮಾಡಿಸಿದೆ. ಮರುದಿನ ಬರುತ್ತೇನೆಂದರು. ಆದರೆ ಅವತ್ತು ಸಂಜೆಯೇ ನಮ್ಮ ಸಿನಿಮಾದ ಇನ್‌ಸ್ಟಾಗ್ರಾಮ್ ಪುಟದಲ್ಲಿ ಶಶಿಕಲಾಳ ವಿಡಿಯೊ ಬಂತು. ಕೆಳಗೆ ಸಿನಿಮಾದ ಹೆಸರು, ಹಿಂದೆ ಸಂಗೀತ. ಬೆಳಿಗ್ಗೆ ಗಾರ್ಡ್ ಫೋನ್ ಮಾಡಿ ಬೇಸರದಿಂದಲೇ ಹೇಳಿದರು: “ನಿಮ್ ಪ್ರಚಾರಕ್ಕೆ ನಮ್ಮನ್ನ ಯಾಕೆ ಮೇಡಂ ಎಳೀತೀರಾ? ನಿಜವಾಗಿ ತೊಂದ್ರೆ ಇರೋ ಊರು ಬೇಕಾದಷ್ಟಿದೆ ನಮಗೆ.”

ಚೇತನ್ ಕೊಬ್ಬರಿ ಮನೆಯ ಮೆಟ್ಟಿಲ ಮೇಲೆ ಕೂತು ಫೋನ್ ನೋಡುತ್ತಿದ್ದ.

“ನೀನೇ ಹಾಕಿದ್ಯಾ?” ಅಂದೆ.

“ಹೂಂ. ಎಷ್ಟು ಜನ ನೋಡಿದಾರೆ ನೋಡು ಬಾ.”

“ಅವಳು ಸತ್ಯ ಹೇಳ್ತಿದಾಳೆ ಕಣೋ.”

“ಇರಬಹುದು. ನಾನು ಸುಳ್ಳು ಅಂತ ಎಲ್ಲಿ ಹಾಕಿದೀನಿ? ಜನ ಏನು ಬೇಕಾದ್ರೂ ಅನ್ಕೊಳ್ಲಿ.”

“ಆ ಏರಿ ಮೇಲೆ ದಿನಾ ಮಕ್ಕಳು ಹೋಗ್ತವೆ.”

ಅವನು ಫೋನ್ ಕೆಳಗಿಟ್ಟ. “ಹೋದ್ ವರ್ಷಾನೂ ಹೋಗ್ತಿದ್ವು, ಈಗ್ಲೂ ಹೋಗ್ತವೆ. ಚಿರತೆಗಳು ಈ ಕಡೆ ಮೊದಲಿಂದಲೂ ಇವೆ ಗೀತಾ. ಯಾರಿಗೂ ಏನೂ ಆಗಿಲ್ಲ. ನಾಲ್ಕು ದಿನದ ಕೆಲಸ ಉಳಿದಿದೆ, ಮುಗಿಸ್ಕೊಂಡು ಹೋಗೋಣ.”

ಮರುದಿನ ಅವನು ಯಾವುದೋ ಕೆಲಸಕ್ಕೆ ಬೆಂಗಳೂರಿಗೆ ಹೋದ. ಆ ಬೆಳಿಗ್ಗೆ ಏರಿಯ ಕೆಳಗಿನ ಮನೆಯೊಂದರ ಕುರಿ ಹೋಗಿತ್ತು. ಕೋಡಿಯ ಪಕ್ಕದ ಮೆತ್ತನೆಯ ಮಣ್ಣಿನಲ್ಲಿ ಸಾಲಾಗಿ ಹೆಜ್ಜೆಗಳು. ಕುರಿಯ ಯಜಮಾನ ಊರಿನ ಹತ್ತಾರು ಜನರ ಜೊತೆ ನೇರ ಕೊಬ್ಬರಿ ಮನೆಗೆ ಬಂದ. “ರೂಮ್ ತೆಗೀರಿ” ಎನ್ನುವುದೊಂದೇ ಮಾತು. ಗಂಗಣ್ಣನೂ ಅವರ ಜೊತೆಯಲ್ಲಿದ್ದರು, ತಮ್ಮದೇ ಮನೆಯ ಬಾಗಿಲ ಮುಂದೆ ಅನ್ಯರ ಹಾಗೆ ನಿಂತು.

ನಾನು ಗಾರ್ಡ್‌ಗೆ ಇನ್ನೊಮ್ಮೆ ಫೋನ್ ಮಾಡಿದೆ. “ನಮ್ಮ ಹತ್ರ ಇರೋ ಅಚ್ಚು, ವೇಷ ಎಲ್ಲಾ ಊರವರ ಮುಂದೆ ತೆಗೆದು ತೋರಿಸ್ತೀನಿ. ನೀವು ಬಂದು ಹೆಜ್ಜೆ ನೋಡಿ. ಆಮೇಲೆ ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು,” ಅಂದೆ. “ಬರ್ತೀನಿ, ಅಲ್ಲೀವರ್ಗೂ ಆ ಮಣ್ಣು ಯಾರೂ ತುಳೀಬೇಡಿ,” ಎಂದರು.

ನಯಾಜ್ ಬೀಗದ ಕೈ ಹಿಡಿದು ನಿಂತಿದ್ದ. “ಸಾರ್ ಕೇಳಿದ್ರೆ ಏನಂತ ಹೇಳ್ಲಿ ಮೇಡಂ?”

“ನಾನು ತೆಗೆಸಿದೆ ಅನ್ನು.”

“ಇಷ್ಟು ದಿನ ಮುಚ್ಚಿಟ್ಟು ಮಾಡಿದ್ದು ಇದು,” ಅಂದ. ಅವನ ಸಂಕಟ ನನಗೆ ತಿಳಿಯುತ್ತಿತ್ತು. ಭೂತವನ್ನು ಮೊದಲ ಸಲ ಕತ್ತಲ ಥಿಯೇಟರಿನಲ್ಲಿ ಜನ ನೋಡಿ ಬೆಚ್ಚಬೇಕು ಎಂದು ಅವನೂ ಕನಸು ಕಂಡಿದ್ದ. ಆದರೂ ಬೀಗ ತೆಗೆದ.

ಅದನ್ನು ನಾನೂ ಅವತ್ತೇ ನೋಡಿದ್ದು. ಮಳೆಗಾಲದ ಮಂಕು ಬೆಳಕಿನಲ್ಲಿ ಎರಡು ಕುರ್ಚಿಗಳ ಮೇಲೆ ಒರಗಿಸಿಟ್ಟಿದ್ದ ನಾರಿನ ದೇಹ, ಬಾಯಿ ತೆರೆದ ತಲೆ. ಯಾರೂ ಹೆದರಲಿಲ್ಲ. ಫೋನುಗಳು ಮೇಲೆದ್ದವು. ಒಬ್ಬ ಅದರ ಕೈ ಹಿಡಿದು ಕುಲುಕಿದ, ಸುತ್ತಲಿದ್ದವರು ನಕ್ಕರು. ಜೀವವಿರುವ ಪ್ರಾಣಿ ಇಲ್ಲವೆಂದು ಮೂಲೆ ಮೂಲೆ ನೋಡಿ ಖಾತ್ರಿ ಮಾಡಿಕೊಂಡರು.

ಗಾರ್ಡ್ ಬೈಕಿನಲ್ಲಿ ಬಂದ ಮೇಲೆ ಎಲ್ಲರೂ ಕೋಡಿಯ ಹತ್ತಿರ ಹೋದೆವು. ನಯಾಜ್ ಕೆಸರಿನಲ್ಲಿ ಮಂಡಿಯೂರಿ, ನಿಜವಾದ ಹೆಜ್ಜೆಗಳ ಪಕ್ಕದಲ್ಲೇ ತನ್ನ ಅಚ್ಚು ಒತ್ತಿದ. ಜನ ಬಗ್ಗಿ ನೋಡಿದರು. ಅಚ್ಚಿನ ಹೆಜ್ಜೆಗೆ ಮುಂದೆ ಉಗುರಿನ ಗೀರುಗಳಿದ್ದವು. ಪಕ್ಕದ್ದಕ್ಕೆ ಇರಲಿಲ್ಲ.

“ನಾನು ನಾಯಿ ಕಾಲು ನೋಡ್ಕೊಂಡು ಮಾಡಿದ್ದು,” ಎಂದ ನಯಾಜ್. “ಅದೂ ಒಂದೇ ಕಾಲು. ಇಲ್ಲಿ ನಾಲ್ಕೂ ಬೇರೆ ಬೇರೆ ಇದೆ ನೋಡಿ.”

ಗಾರ್ಡ್ ತಲೆಯಾಡಿಸಿದರು. “ಚಿರತೆ ನಡೆಯುವಾಗ ಉಗುರು ಒಳಗೆ ಇಟ್ಕೊಳುತ್ತೆ. ಇದು ಅದೇ.” ಏರಿಯ ಮೇಲೆ ಶಶಿಕಲಾ ನಿಂತಿದ್ದಳು, ಕೆಳಗಿಳಿದು ಬರಲಿಲ್ಲ. ಒಬ್ಬೊಬ್ಬರಾಗಿ ತಲೆಯೆತ್ತಿ ಅವಳನ್ನು ನೋಡಿದರು, ಹಾಗೆಯೇ ಬೇರೆ ಕಡೆ ನೋಡಿದರು.

ಬೋನು ಬಂತು. ಅದು ಬರುವಷ್ಟರಲ್ಲಿ ಚೇತನ್ನೂ ಬಂದ. ನಯಾಜನ ಭೂತ ಹಗಲ ಬೆಳಕಲ್ಲಿ ಕೈ ಕುಲುಕಿಸಿಕೊಳ್ಳುವ ವಿಡಿಯೊ ಅಷ್ಟರಲ್ಲಾಗಲೇ ಹಾಸ್ಯದ ಹಾಡಿನ ಜೊತೆ ತುಮಕೂರೆಲ್ಲ ಸುತ್ತುತ್ತಿತ್ತು. ಅವನು ಕೂಗಾಡಲಿಲ್ಲ. “ನನ್ನ ಸಿನಿಮಾ ಕೊಂದೆ ನೀನು,” ಎಂದು ಮೆಲ್ಲಗೆ ಹೇಳಿದ, ಆಮೇಲೆ ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಅವನ ಅಷ್ಟು ವರ್ಷದ ಆಸೆ ಅದು. ಆದರೆ ಮತ್ತೆ ಅಂಥದೇ ಬೆಳಿಗ್ಗೆ ಬಂದರೆ ಆ ಬೀಗ ಮತ್ತೆ ತೆಗೆಸುತ್ತೇನೆ.

ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ಚಿರತೆ ಬೋನಿಗೆ ಬಿತ್ತು. ಊರಿಗೆ ಊರೇ ಸೇರಿತು. ಸಣ್ಣ ಪ್ರಾಣಿ. ಪಕ್ಕೆ ಎದ್ದು ಕಾಣುತ್ತಿತ್ತು, ಮೂಗು ಕಂಬಿಗೆ ತಾಗಿ ರಕ್ತವಾಗಿತ್ತು. ಬೋನಿನ ಮೂಲೆಗೆ ಒತ್ತಿಕೊಂಡು ಗುರುಗುಟ್ಟುತ್ತಿತ್ತು. “ಇಷ್ಟೇನಾ” ಎಂದು ಯಾರೋ ಅಂದರು. ಅಂಗಡಿಯ ಮುಂದೆ ಎಐ ಎಂದವನು ಬೋನಿನ ಜೊತೆ ಸೆಲ್ಫಿ ತೆಗೆಯುತ್ತಿದ್ದ. ಚೇತನ್ ಕ್ಯಾಮೆರಾ ತಂದಿದ್ದ.

ಶಶಿಕಲಾ ಡೇರಿ ಮುಗಿಸಿ ಬಂದಳು. ಜನ ಅವಳಿಗೆ ದಾರಿ ಬಿಟ್ಟರು. ಅವಳು ಸ್ವಲ್ಪ ಹೊತ್ತು ನೋಡಿ, “ಇದಲ್ಲ,” ಎಂದಳು.

“ಏನಮ್ಮ?” ಎಂದರು ಗಾರ್ಡ್.

“ನಾನು ನೋಡಿದ್ದು ಇದಲ್ಲ ಸಾರ್. ಅದು ಇದಕ್ಕಿಂತ ದೊಡ್ದು. ಒಂದು ಕಿವಿ ಹರಿದಿತ್ತು.”

“ಕಿವಿ ವಿಸ್ಯ ಆವತ್ತು ಏಳ್ಲೇ ಇಲ್ವಲ್ಲ ನೀನು,” ಎಂದ ಕುರಿಯ ಯಜಮಾನ.

“ಚಿರ್ತೆ ನೋಡ್ದೆ ಅಂದಿದ್ದನ್ನೇ ನಂಬ್ಲಿಲ್ಲ. ಕಿವಿ ಯಾರು ಕೇಳ್ತಿದ್ರು?”

ಜನ ನಕ್ಕರು. ಚೇತನ್ ಕ್ಯಾಮೆರಾದ ಹಿಂದಿನಿಂದ, “ಪಾರ್ಟ್ ಟೂ” ಅಂದ. ಗಾರ್ಡ್ ನಗಲಿಲ್ಲ. ಬೋನನ್ನು ಖಾಲಿ ಮಾಡಿ ಮತ್ತೆ ತಂದು ಇಡಿಸಿದರು. ಅದು ಖಾಲಿಯಾಗಿಯೇ ಉಳಿಯಿತು. ಬೇರೆ ಊರಿನಿಂದ ಕರೆ ಬಂದಾಗ ಒಯ್ದರು. ಮಕ್ಕಳು ಮತ್ತೆ ಏರಿಯ ಮೇಲೆ ಓಡತೊಡಗಿದವು.

ಸಿನಿಮಾ ಮರುವರ್ಷ ಬಂತು, ತುಮಕೂರಿನಲ್ಲಿ ಒಂದು ವಾರ ಓಡಿತು. ನಾನು ಟಿಕೆಟ್ ತೆಗೆದುಕೊಂಡು ಹಿಂದೆ ಕೂತು ನೋಡಿದೆ. ಭೂತ ಬಂದಾಗ ಕೆಲವರು ಆ ಹಾಸ್ಯದ ಹಾಡು ಹಾಡಿದರು. ಆದರೆ ಡೇರಿಯ ಹೆಂಗಸು ಹೇಳಿದ್ದನ್ನು ಊರು ತಳ್ಳಿಹಾಕುವಾಗ ಮಾತ್ರ ನನ್ನ ಮುಂದಿನ ಸಾಲಿನವನೊಬ್ಬ ತಡೆಯಲಾರದೆ ಪರದೆಗೆ ಹೇಳಿದ: “ಏಳ್ತಾವ್ಳಲ್ರೋ, ನಂಬ್ರೋ.” ಆಮೇಲೆ ಗುಬ್ಬಿಯ ಕಡೆಯೇ ಎಲ್ಲೋ ಇನ್ನೊಂದು ಚಿರತೆ ಬೋನಿಗೆ ಬಿತ್ತೆಂದು ಕೇಳಿದೆ. ಅದರ ಕಿವಿ ನೋಡಿದವರು ಯಾರೂ ನನಗೆ ಸಿಗಲಿಲ್ಲ. ಕೆರೆಯ ಪಕ್ಕ ಹಾದು ಹೋಗುವಾಗ ಜಾಲಿ ಪೊದೆ ಕಂಡರೆ ನನ್ನ ಕಣ್ಣು ಈಗಲೂ ಸುಮ್ಮನಿರುವುದಿಲ್ಲ.

ಆದರೆ ಆ ಹಿಂಗಾರನ್ನು ನೆನೆದಾಗ ನನ್ನ ಮುಂದೆ ನಿಲ್ಲುವುದು ನಾನು ಊರು ಬಿಟ್ಟ ಬೆಳಿಗ್ಗೆ. ಬ್ಯಾಗು ಹಿಡಿದು ಟಾರ್ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಶಾಲೆಯ ಮಕ್ಕಳು ಗಲಾಟೆ ಮಾಡುತ್ತ ಏರಿಯ ಮೇಲಿಂದ ಬಂದರು. ಅವರಲ್ಲಿ ಶಶಿಕಲಾಳ ಮಕ್ಕಳಿರಲಿಲ್ಲ. ಅವರು ಆ ಕಡೆಯಿಂದ, ರಾಗಿ ಹೊಲದ ದಾರಿಯಿಂದ ಬಂದರು. ಮುಂದೆ ಗಂಗಣ್ಣ, ತಲೆಗೆ ಟವಲು ಸುತ್ತಿ, ಕೈಯಲ್ಲಿ ದೊಣ್ಣೆ ಹಿಡಿದು. ಮೂವರ ಕಾಲೂ ಮೊಣಕಾಲವರೆಗೆ ಕೆಸರು.

“ಏನ್ ಗಂಗಣ್ಣ, ಚಿರತೆ ಸಿಕ್ತಲ್ಲ. ಏರಿ ಮೇಲೇ ಬರಬಹುದಿತ್ತು,” ಅಂದೆ.

ಅವರು ಚಪ್ಪಲಿಯ ಕೆಸರನ್ನು ಮೈಲಿಗಲ್ಲಿಗೆ ಒರೆಸುತ್ತಿದ್ದರು. “ಇದಲ್ಲ ಅಂದವ್ಳಲ್ಲ ಅವ್ಳು.”

“ನೀವು ನಂಬ್ತೀರಾ?”

ಇನ್ನೊಂದು ಚಪ್ಪಲಿಯನ್ನೂ ಒರೆಸಿದರು. “ನಂಗೇನ್ ಗೊತ್ತದೆ ಮೇಡಮ್ಮೋರೆ. ಅವ್ಳು ಮೊದ್ಲೂ ಏಳಿದ್ಳು.”

ಶಾಲೆಯ ಬಸ್ಸು ಬಂತು, ಮಕ್ಕಳು ಹತ್ತಿದರು. ನನ್ನ ಬಸ್ಸು ಇನ್ನೂ ಬಂದಿರಲಿಲ್ಲ. ಗಂಗಣ್ಣ ನನಗೆ ಕೈ ಮುಗಿದು ಹೊರಟರು. ಏರಿಯ ದಾರಿ ಅವರ ಎದುರಿಗೇ ಇತ್ತು, ಮನೆಗೆ ಹತ್ತಿರದ್ದು. ಈಗ ಜೊತೆಯಲ್ಲಿ ಮಕ್ಕಳೂ ಇರಲಿಲ್ಲ. ಅವರು ಅದರ ಕಡೆ ಒಂದು ಸಲ ನೋಡಿ, ಪಂಚೆ ಎತ್ತಿ ಕಟ್ಟಿಕೊಂಡು, ಬಂದ ಕೆಸರಿನ ದಾರಿಯಲ್ಲೇ ವಾಪಸ್ ನಡೆದರು.